ಮೂವತ್ತರ ಗೆರೆ

ಉಸಿರಾಟದ ಯಂತ್ರದ ಬಗ್ಗೆ ಶ್ಯಾಮ ಡಾಕ್ಟರಿಗಿದ್ದ ತಿಳಿವಳಿಕೆಯೆಲ್ಲ ಒಂದು ಫುಟ್‌ಬಾಲ್ ಬ್ಲಾಡರಿನಿಂದ ಬಂದದ್ದು ಎಂದು ಸಿಸ್ಟರ್ ಕನ್ನಮ್ಮ ಹೇಳುತ್ತಿದ್ದಳು. ಜೋರಾಗಿ ಅಲ್ಲ. ಅವರದೇ ನರ್ಸಿಂಗ್ ಹೋಮಿನ ಅನ್ನ ತಿನ್ನುವವಳು ಜೋರಾಗಿ ಹೇಗೆ ಹೇಳಿಯಾಳು? ಸಿರಿಂಜು ಕುದಿಸುವಾಗ, ಬ್ಯಾಂಡೇಜು ಸುತ್ತುವಾಗ, ದಿನಕ್ಕೆ ಹತ್ತು ಸಲ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಮಾತು ಸುಳ್ಳೂ ಅಲ್ಲ. ಸಾಗರದ ಬಸ್‌ಸ್ಟ್ಯಾಂಡಿನ ಹಿಂದೆ ಹನ್ನೆರಡು ಹಾಸಿಗೆಯ ಆ ನರ್ಸಿಂಗ್ ಹೋಮಿಗೆ ಯಂತ್ರ ಬಂದದ್ದು ಎಂಬತ್ತಾರರ ಆಯುಧಪೂಜೆಯ ದಿನ. ಕೊಡಿಸಿದವರು ಡಾಕ್ಟರ ಮಾವ, ಮೇಳಿಗೆ ಕಡೆಯ ಶೇಷಪ್ಪ ಗೌಡರು. ಹಿರಿಯ ಅಳಿಯನಿಗೆ ಜೀಪು ಕೊಡಿಸಿದ್ದರಂತೆ. ಕಿರಿಯ ಅಳಿಯ ಡಾಕ್ಟರಾದ್ದರಿಂದ ಅವನಿಗೆ ಅವನ ಅಂತಸ್ತಿಗೆ ತಕ್ಕದ್ದು ಏನಾದರೂ ಬೇಕಲ್ಲ! ಹಸಿರು ಬಣ್ಣದ, ರೇಡಿಯೋದಷ್ಟು ದೊಡ್ಡ ಪೆಟ್ಟಿಗೆ. ಮುಂದೆ ಎರಡು ತಿರುಗಣೆ, ಗಾಳಿಯ ಒತ್ತಡ ತೋರಿಸಲು ಸೊನ್ನೆಯಿಂದ ಅರವತ್ತರವರೆಗೆ ಅಂಕಿ ಬರೆದ ಒಂದು ಗಡಿಯಾರ, ಅದರಲ್ಲೊಂದು ಮುಳ್ಳು. ಪೆಟ್ಟಿಗೆಯ ನೆತ್ತಿಯ ಮೇಲೆ ಗೌಡರ ಹೆಸರು ಕೆತ್ತಿದ ಹಿತ್ತಾಳೆಯ ಪಟ್ಟಿ. ಯಂತ್ರವನ್ನು ಹೇಗೆ ನಡೆಸಬೇಕೆಂದು ಬರೆದ ಪುಸ್ತಕ ಪೆಟ್ಟಿಗೆಯ ತಳದಲ್ಲೇ ಪ್ಲಾಸ್ಟಿಕ್ ಚೀಲದೊಳಗೆ ಉಳಿಯಿತು. ಪಟ್ಟಿಯನ್ನು ಮಾತ್ರ ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕಬೇಕೆಂದು ಅಪ್ಪಣೆಯಾಯಿತು.

ಪೂಜೆಯ ದಿನ ಯಂತ್ರಕ್ಕೆ ಸೇವಂತಿಗೆ ಹಾರ, ಕುಂಕುಮ, ಮುಂದೆ ಒಡೆದ ಬೂದುಗುಂಬಳಕಾಯಿ. ಕರೆದವರು ಬಂದು ಕೂತರು. ಬರೀ ಪೆಟ್ಟಿಗೆ ತೋರಿಸಿದರೆ ಜನಕ್ಕೆ ಏನು ತಿಳಿಯಬೇಕು? ಡಾಕ್ಟರು ಕೊಳವೆಯ ತುದಿಗೆ ಫುಟ್‌ಬಾಲ್ ಬ್ಲಾಡರು ಕಟ್ಟಿ ತಿರುಗಣೆ ತಿರುಗಿಸಿದರು. ಬ್ಲಾಡರು ಬುಸ್ಸೆಂದು ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು. ಜನ ಚಪ್ಪಾಳೆ ತಟ್ಟಿದರು.

"ಇನ್ನೂ ಸ್ವಲ್ಪ ಬಿಡಿ ಡಾಕ್ಟ್ರೇ, ಇನ್ನೂ ಸ್ವಲ್ಪ," ಎಂದು ಗೌಡರು ಕುರ್ಚಿಯ ತುದಿಗೆ ಬಂದು ಕೂತರು. ಡಾಕ್ಟರು ಇನ್ನೂ ಬಿಟ್ಟರು. ಮುಳ್ಳು ಅರವತ್ತಕ್ಕೆ ಹೋಗಿ ನಿಂತಿತು. ಬ್ಲಾಡರು ಕುಂಬಳಕಾಯಿಯಷ್ಟಾಯಿತು. ಗೌಡರ ಮುಖವೂ ಅಷ್ಟೇ ಆಯಿತು.

ಹಿಂದೆ ಗೋಡೆಗೊರಗಿ ನಿಂತಿದ್ದ ಕನ್ನಮ್ಮನಿಗೆ ಮೈ ಉರಿದುಹೋಯಿತು. ಅವಳು ತೀರ್ಥಹಳ್ಳಿಯವಳು. ಇಪ್ಪತ್ತೆರಡಕ್ಕೆ ಗಂಡ ಹೋದ ಮೇಲೆ ಮಂಗಳೂರಿಗೆ ಹೋಗಿ ನರ್ಸಿಂಗ್ ಕಲಿತು, ಅಲ್ಲೇ ಒಂದು ದೊಡ್ಡ ಆಸ್ಪತ್ರೆಯಲ್ಲಿ ಆರು ವರ್ಷ ದುಡಿದಿದ್ದಳು. ಅಲ್ಲಿ ಅರಿವಳಿಕೆ ಕೊಡುತ್ತಿದ್ದ ಯಮುನಮ್ಮ ಡಾಕ್ಟರು ಅವಳನ್ನು ಇಂಥದೇ ಯಂತ್ರದ ಪಕ್ಕ ನಿಲ್ಲಿಸಿಕೊಂಡು ಕಲಿಸಿದ್ದರು. ಕೈ ತಪ್ಪಿದರೆ ಗೆಣ್ಣಿಗೆ ಸ್ಕೇಲಿನಿಂದ ಹೊಡೆಯುತ್ತಿದ್ದ ಹೆಂಗಸು. ನೀರು ತುಂಬಿ ಬಿರುಸಾದ ಶ್ವಾಸಕೋಶದಲ್ಲಿ ಗಾಳಿಯಾಡುವುದಕ್ಕೆ ಉಳಿದಿರುವುದು ಒಂದು ಹಿಡಿ ಜಾಗ. ಹಿಡಿ ಜಾಗಕ್ಕೆ ಹಿಡಿಯಷ್ಟೇ ಗಾಳಿ ಕೊಡು, ಬೇಕಾದರೆ ಬೇಗ ಬೇಗ ಕೊಡು, ಸಾಲದು ಅಂತ ತುರುಕಬೇಡ, ಉಳಿದಿದ್ದೂ ಹರಿದುಹೋಗುತ್ತದೆ. ಇದು ಯಮುನಮ್ಮನ ಪಾಠ. "ಮುಳ್ಳು ಮೂವತ್ತು ದಾಟ್ತು ಅಂದ್ರೆ ಅದು ಚಿಕಿತ್ಸೆ ಅಲ್ಲ ಕನ್ನಮ್ಮ, ಗೂಂಡಾಗಿರಿ," ಎನ್ನುತ್ತಿದ್ದರು.

ಆಯುಧಪೂಜೆ ಕಳೆದು ಒಂದು ತಿಂಗಳು ಯಂತ್ರ ಮೂಲೆಯಲ್ಲಿ ಮಿರಮಿರ ಮಿಂಚುತ್ತ ಕೂತಿತ್ತು. ಆಮೇಲೆ ಸರೋಜ ಬಂದಳು.

ಸರೋಜ ಹೊಸನಗರದ ಕಡೆ ಹಿನ್ನೀರಿನ ಆಚೆ ದಡದ ಹುಡುಗಿ. ಇಪ್ಪತ್ತು ವರ್ಷ, ಮದುವೆಯಾಗಿರಲಿಲ್ಲ. ಭತ್ತ ಮಿಲ್ಲು ಮಾಡಿಸಲು ಮೂಟೆ ಹೇರಿಕೊಂಡು ಹೊರಟ ದೋಣಿ ನಡುನೀರಿನಲ್ಲಿ ಮಗುಚಿತ್ತು. ಊರವರು ಎಳೆದು ದಡಕ್ಕೆ ಹಾಕಿ, ಕುಡಿದ ನೀರು ಇಳಿಯಲೆಂದು ಅವಳನ್ನು ಒಬ್ಬನ ಹೆಗಲ ಮೇಲೆ ಕವುಚಿ ಹಾಕಿ ಗಿರಗಿರನೆ ತಿರುಗಿಸಿದರು. ಹೊಟ್ಟೆ ಒತ್ತಿದರು. ನೀರು ಬಂತು, ಹುಡುಗಿ ಕಣ್ಣು ಬಿಟ್ಟಳು, ಸಂಜೆ ಗಂಜಿಯನ್ನೂ ಕುಡಿದಳು. ಗಂಡಾಂತರ ಕಳೆಯಿತು ಎಂದು ಭೂತಪ್ಪನಿಗೆ ಕಾಯಿ ಒಡೆದದ್ದೂ ಆಯಿತು. ಮರುದಿನ ಬೆಳಗಾಗುವಷ್ಟರಲ್ಲಿ ಉಸಿರು ನಿಮಿಷಕ್ಕೆ ಐವತ್ತು, ತುಟಿ ನೇರಳೆ. ತಾಯಿ ಮಾಸ್ತಮ್ಮ ಮಗಳನ್ನು ಬಾಡಿಗೆ ವ್ಯಾನಿನಲ್ಲಿ ಮಲಗಿಸಿಕೊಂಡು ಬಂದಿಳಿದಳು.

ಎಕ್ಸ್‌ರೇ ತೆಗೆದರೆ ಶ್ವಾಸಕೋಶ ಎರಡೂ ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗೆ. ಕನ್ನಮ್ಮ ಆಗಲೇ ಆಕ್ಸಿಜನ್ ಸಿಲಿಂಡರಿನತ್ತ ಓಡಿದಳು. ಡಾಕ್ಟರ ಮುಖವೋ, ಹಬ್ಬದ ಮುಖ. "ಸಿಸ್ಟರ್, ಮೆಷಿನ್ನಿಗೆ ಕೇಸ್ ಬಂತು," ಎಂದರು. ನೆಂಟರು ಬಂದರು ಅನ್ನುವ ಧಾಟಿಯಲ್ಲಿ!

ಗಂಟಲಿಗೆ ಕೊಳವೆ ಇಳಿಸಿದ್ದು ಮೂರನೆಯ ಪ್ರಯತ್ನಕ್ಕೆ. ಯಂತ್ರ ಜೋಡಿಸಿ ಡಾಕ್ಟರು ಒಂದೇ ಏಟಿಗೆ ಮುಳ್ಳನ್ನು ಐವತ್ತಕ್ಕೆ ಒಯ್ದರು.

"ಸಾರ್, ಮೂವತ್ತರ ಒಳಗೆ ಇಟ್ರೆ ಒಳ್ಳೇದು. ಹಿಂಗಾದ್ರೆ ಶ್ವಾಸಕೋಶ ಒಡೆಯುತ್ತೆ," ಎಂದಳು ಕನ್ನಮ್ಮ.

"ಎದೆ ಏಳೋದೇ ಕಾಣಲ್ವಲ್ರೀ ಮೂವತ್ತಕ್ಕೆ. ಉಸಿರಾಡ್ತಿದಾಳೆ ಅಂತ ಮನೆಯವ್ರಿಗೆ ಗೊತ್ತಾಗೋದು ಬೇಡ್ವಾ?"

"ಉಗುರು ನೋಡಿದ್ರೆ ಗೊತ್ತಾಗುತ್ತೆ ಸಾರ್."

"ನೀವು ಮಂಗಳೂರಲ್ಲಿ ಬೆಡ್‌ಪ್ಯಾನ್ ಎತ್ತಿದ್ದು ಸಾಕು, ನನಗೆ ಡಾಕ್ಟರಿಕೆ ಹೇಳ್ಕೊಡೋದು ಬೇಡ," ಎಂದು ಅವರು ಊಟಕ್ಕೆ ಮನೆಗೆ ಹೋದರು. ಮನೆ ಎಂದರೆ ನರ್ಸಿಂಗ್ ಹೋಮಿನ ಹಿಂಬಾಗಿಲು ದಾಟಿದರೆ ಸಿಗುವ ಅಡುಗೆಮನೆ.

ಅವರು ಹಿಂಬಾಗಿಲು ದಾಟುವುದನ್ನೇ ಕಾದಿದ್ದು ಕನ್ನಮ್ಮ ಮುಳ್ಳನ್ನು ಇಪ್ಪತ್ತೆಂಟಕ್ಕೆ ಇಳಿಸಿದಳು. ಉಸಿರಿನ ಲೆಕ್ಕ ಏರಿಸಿದಳು. ಉಸಿರು ಹೊರಬರುವ ಕೊಳವೆಯ ತುದಿಯನ್ನು ನೀರಿದ್ದ ಸಲೈನ್ ಬಾಟಲಿಯೊಳಗೆ ನಾಲ್ಕು ಬೆರಳಿನಷ್ಟು ಆಳಕ್ಕೆ ಇಳಿಬಿಟ್ಟು ಪ್ಲಾಸ್ಟರು ಅಂಟಿಸಿದಳು. ಹಾಗೆ ಮಾಡಿದರೆ ಒಳಗಿನ ಗಾಳಿ ಪೂರ್ತಿ ಖಾಲಿಯಾಗುವುದಿಲ್ಲ, ಅರಳಿದ ಜಾಗ ಮತ್ತೆ ಮುಚ್ಚಿಕೊಳ್ಳುವುದಿಲ್ಲ. ಇದೂ ಯಮುನಮ್ಮನದೇ ಪಾಠ. ಬಾಟಲಿ ಗುಳುಗುಳು ಎನ್ನತೊಡಗಿತು. ಸರೋಜಳ ಎದೆ ಹೊದಿಕೆಯ ಕೆಳಗೆ ಕಂಡೂ ಕಾಣದ ಹಾಗೆ ಆಡುತ್ತಿತ್ತು. ಒಂದು ಗಂಟೆ ಕಳೆಯುವಷ್ಟರಲ್ಲಿ ಉಗುರಿನ ನೀಲಿ ತುಸು ತಿಳಿಯಾಯಿತು.

ಆಮೇಲೆ ಎರಡು ದಿನ ಹಾವು ಏಣಿ ಆಟ. ಡಾಕ್ಟರು ರೌಂಡ್ಸಿಗೆ ಬಂದು ಏರಿಸುವುದು, ಅವರ ಬೆನ್ನ ಹಿಂದೆ ಇವಳು ಇಳಿಸುವುದು. ಮೂರನೆಯ ದಿನ ಕನ್ನಮ್ಮ ಡಾಕ್ಟರ ಹೆಂಡತಿಯ ನೇಲ್‌ಪಾಲಿಶು ಕೇಳಿ ತಂದು, ಗಡಿಯಾರದ ಗಾಜಿನ ಮೇಲೆ ಮೂವತ್ತರ ಎದುರು ಕೆಂಪು ಗೆರೆ ಎಳೆದಳು.

"ಇದೇನ್ರೀ, ಮೆಷಿನ್ನಿಗೆ ಕುಂಕುಮ ಇಟ್ಟಿದೀರಾ?" ಎಂದರು ಡಾಕ್ಟರು.

ಕನ್ನಮ್ಮನಿಗೆ ಎಲ್ಲಿಂದ ಬುದ್ಧಿ ಬಂತೋ! "ಹೂಂ ಸಾರ್. ಹೊಸ ಮೆಷಿನ್ನು, ಬಂದವರ ಕಣ್ಣೆಲ್ಲ ಅದರ ಮೇಲೇ. ದೃಷ್ಟಿ ಆಗ್ಬಾರ್ದು ಅಂತ ಮಂತ್ರಿಸಿ ಇಟ್ಟಿದ್ದು. ಮುಳ್ಳು ಅದನ್ನ ದಾಟಬಾರ್ದಂತೆ."

"ಹೌದಾ? ಒಳ್ಳೇದಾಯ್ತು ಬಿಡಿ," ಎಂದು ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

ಥೂ, ಎಂದುಕೊಂಡಳು ಕನ್ನಮ್ಮ. ಐದು ವರ್ಷ ಓದಿ ಎಂಬಿಬಿಎಸ್ ಮಾಡಿದ ಮನುಷ್ಯ! ಶ್ವಾಸಕೋಶ ಒಡೆಯುತ್ತದೆ ಎಂದರೆ ಕೇಳಲಿಲ್ಲ, ದೃಷ್ಟಿಯಾಗುತ್ತದೆ ಎಂದರೆ ಬೆರಳು ಮುದುಡಿಕೊಂಡಿತು. ಆದರೂ ಅವಳಿಗೆ ಒಳಗೊಳಗೇ ಖುಷಿ. ಇಂಥವರನ್ನು ಹೀಗೇ ನಿಭಾಯಿಸಬೇಕು, ತನ್ನಂಥವಳು ಇರುವುದರಿಂದಲೇ ಇಂಥವರ ಬೋರ್ಡು ಗೋಡೆಯ ಮೇಲೆ ನಿಂತಿದೆ ಎಂದು ಬೀಗಿದಳು.

ಮೂರು ದಿನ ಯಾರೂ ತಿರುಗಣೆ ಮುಟ್ಟಲಿಲ್ಲ. ಆರನೆಯ ದಿನ, ಶನಿವಾರ, ಎಕ್ಸ್‌ರೇಯ ಬಿಳಿಯಲ್ಲಿ ಅಲ್ಲಲ್ಲಿ ಕಪ್ಪು ಮೂಡಿತ್ತು. ಸರೋಜಳ ಉಗುರು ಕೆಂಪಗಾಗಿತ್ತು. ಮಾಸ್ತಮ್ಮ ಕಿವಿಯ ಹತ್ತಿರ ಬಗ್ಗಿ ಕರೆದಾಗ ಹುಡುಗಿ ಕಣ್ಣು ಬಿಟ್ಟು ತಾಯಿಯ ಬೆರಳನ್ನು ಹಿಸುಕಿದಳು.

"ಸಿಸ್ಟರಮ್ಮ, ಹಿಡಿದ್ಲು! ನನ್ನ ಬೆಳ್ಳು ಹಿಡಿದ್ಲು!" ಎಂದು ಮಾಸ್ತಮ್ಮ ಅತ್ತಳು. ಕನ್ನಮ್ಮನ ಕಣ್ಣೂ ಒದ್ದೆಯಾಯಿತು. "ಇನ್ನೊಂದು ವಾರ ಕಣಮ್ಮ. ನಾನು ಇಲ್ಲೇ ಇರ್ತೀನಿ, ಎಲ್ಲಿಗೂ ಹೋಗಲ್ಲ," ಎಂದು ಮಾತು ಕೊಟ್ಟಳು.

ಭಾನುವಾರ ಬೆಳಿಗ್ಗೆ ಗೌಡರ ಸವಾರಿ ಬಂತು. ಯಂತ್ರಕ್ಕೆ ಮೊದಲನೇ ರೋಗಿ ಸಿಕ್ಕಿದ್ದು ತೀರ್ಥಹಳ್ಳಿಯವರೆಗೂ ಸುದ್ದಿಯಾಗಿತ್ತು. ಹಿಂದೆ ಎಂಟು ಜನ ನೆಂಟರು, ಒಬ್ಬ ಪತ್ರಿಕೆಯವನು, ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡ ಒಬ್ಬ ಸ್ಟುಡಿಯೋದವನು. ಎಲ್ಲರೂ ಚಪ್ಪಲಿ ಸಮೇತ ಒಳಗೆ. ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ ಮೂಲೆಯಲ್ಲಿ ಕೂತಿದ್ದ ಮಾಸ್ತಮ್ಮನನ್ನು ಡಾಕ್ಟರು ಹೊರಗೆ ಕಳಿಸಿದರು. ಫೋಟೋದಲ್ಲಿ ಅವಳು ಬಂದರೆ ಚೆನ್ನಾಗಿರುತ್ತದೆಯೇ?

ಗೌಡರು ಹಿತ್ತಾಳೆ ಪಟ್ಟಿಯ ಮೇಲೆ ಬೆರಳಾಡಿಸಿ ನೋಡಿದರು. ಆಮೇಲೆ ಹುಡುಗಿಯನ್ನು ನೋಡಿದರು. ಅವರ ಹುಬ್ಬು ಗಂಟಿಕ್ಕಿತು.

"ಇದೆಂತ ಡಾಕ್ಟ್ರೇ, ಎದೆ ಏಳ್ತಾನೇ ಇಲ್ವಲ್ಲ? ಅವತ್ತು ಬ್ಲಾಡರು ಹೆಂಗೆ ಉಬ್ತು! ಮೆಷಿನ್ನು ಕೆಟ್ಟೋಯ್ತಾ ಹೆಂಗೆ?"

ನೆಂಟರೆಲ್ಲ ಹೌದೌದು ಎಂದರು. ಒಬ್ಬ, "ಮೋಸ ಮಾಡಿ ಹಳೇದು ಕಳಿಸಿರ್ಬೋದು ಮಾರಾಯ್ರೇ," ಎಂದ. ಡಾಕ್ಟರ ಕಿವಿ ಕೆಂಪಾಯಿತು. ಜೀಪು ಪಡೆದ ಹಿರಿಯ ಅಳಿಯ ಬಾಗಿಲ ಹತ್ತಿರವೇ ನಿಂತು ನಗುತ್ತಿದ್ದ.

ಡಾಕ್ಟರ ಕಣ್ಣು ತಿರುಗಣೆಯ ಮೇಲೆ ಹೋಯಿತು. ಅಲ್ಲಿಂದ ಕೆಂಪು ಗೆರೆಗೆ, ಅಲ್ಲಿಂದ ಕನ್ನಮ್ಮನ ಮುಖಕ್ಕೆ.

"ಸಿಸ್ಟರ್, ಹೋಗಿ ಕಾಫಿ ತನ್ನಿ."

ಕನ್ನಮ್ಮನಿಗೆ ಎಲ್ಲ ಅರ್ಥವಾಯಿತು. "ರಂಗಮ್ಮ ತರ್ತಾಳೆ ಸಾರ್, ನಾನು ಇಲ್ಲಿರ್ತೀನಿ," ಎಂದಳು. ರಂಗಮ್ಮ ಅಲ್ಲಿನ ಆಯಾ.

"ಆಯಾ ಕೈಲಿ ಮಾವನವ್ರಿಗೆ ಕಾಫಿ ಕೊಡ್ಸೋದಾ? ಕುಡೀತಾರಾ ಅವರು? ನೀವೇ ತನ್ನಿ. ಚೆಲ್ಬೇಡಿ, ಎಲ್ಲ ಬಿಳಿ ಪಂಚೆ ಉಟ್ಟಿದಾರೆ."

"ಸಾರ್, ಮೂವತ್ತು," ಎಂದಳು ಕನ್ನಮ್ಮ, ಅವರಿಗಷ್ಟೇ ಕೇಳುವ ಹಾಗೆ.

"ಗೊತ್ತು ಹೋಗ್ರೀ."

ಹೋದಳು. ಹನ್ನೊಂದು ವರ್ಷ ಆ ಮನೆಯವರು ಹೇಳಿದ್ದಕ್ಕೆಲ್ಲ ಹೂಂ ಅಂದು ರೂಢಿಯಾಗಿದ್ದ ಕಾಲು, ಮನಸ್ಸು ಬೇಡ ಬೇಡ ಅನ್ನುತ್ತಿದ್ದರೂ ನಡೆದೇಬಿಟ್ಟಿತು. ಎರಡು ನಿಮಿಷದ ಕೆಲಸ, ಬಂದು ಇಳಿಸಿದರಾಯಿತು ಎಂದು ಸಮಾಧಾನ ಹೇಳಿಕೊಂಡಳು. ಅಡುಗೆಮನೆಯಲ್ಲಿ ನೋಡಿದರೆ ಹಾಲು ಇನ್ನೂ ಒಲೆಯ ಮೇಲೆ. ಡಾಕ್ಟರ ಹೆಂಡತಿ ಅಪ್ಪನಿಗೆ ಸಕ್ಕರೆ ಇಲ್ಲದ್ದು, ಭಾವನಿಗೆ ಗಟ್ಟಿಯದು, ಪತ್ರಿಕೆಯವನಿಗೆ ಪಿಂಗಾಣಿ ಕಪ್ಪಿನಲ್ಲಿ ಎಂದು ಒಂದೊಂದನ್ನೇ ಬೆರೆಸಿ ಜೋಡಿಸುತ್ತ ನಿಂತಳು. ಹತ್ತು ನಿಮಿಷವಾಯಿತು. ಹನ್ನೆರಡು ಲೋಟದ ತಟ್ಟೆ ಹಿಡಿದು ಕನ್ನಮ್ಮ ಹೆಜ್ಜೆ ಮೇಲೆ ಹೆಜ್ಜೆ ಇಟ್ಟುಕೊಂಡು ಬಂದಳು. ಬಾಗಿಲ ಹೊರಗೇ ಗೌಡರ ದನಿ ಕೇಳಿಸಿತು. "ಹಾಂ, ಈಗ ನೋಡಿ! ಇದಪ್ಪಾ ಮೆಷಿನ್ನು ಅಂದ್ರೆ!"

ಅವಳು ಹೊಸ್ತಿಲ ಮೇಲೆ ಕಾಲಿಟ್ಟಾಗ ಕ್ಯಾಮೆರಾ ಫಳ್ಳೆಂದಿತು.

ಮುಳ್ಳು ಅರವತ್ತರಲ್ಲಿತ್ತು. ಹೊದಿಕೆಯ ಕೆಳಗೆ ಹುಡುಗಿಯ ಎಡ ಎದೆ ಎದ್ದದ್ದು ಎದ್ದೇ ಇತ್ತು, ಇಳಿಯುತ್ತಿರಲಿಲ್ಲ. ಬಲಗಡೆ ಅಲುಗಾಡುತ್ತಿರಲಿಲ್ಲ. ಕುತ್ತಿಗೆ ಊದಿತ್ತು. ತುಟಿ ಮತ್ತೆ ನೇರಳೆ. ಒಡೆದ ಶ್ವಾಸಕೋಶದಿಂದ ಗಾಳಿ ಎದೆಗೂಡಿಗೆ ನುಗ್ಗಿ ಹೃದಯವನ್ನೇ ಅಮುಕುತ್ತಿತ್ತು. ಹನ್ನೆರಡು ಗಂಡಸರು ಸುತ್ತ ನಿಂತು ಅದನ್ನು ಮೆಚ್ಚಿಕೊಳ್ಳುತ್ತಿದ್ದರು.

ಕನ್ನಮ್ಮ ತಟ್ಟೆಯನ್ನು ಕಿಟಕಿಕಟ್ಟೆಯ ಮೇಲಿಟ್ಟು ಓಡಿದಳು. ಕೊಳವೆ ಬಿಚ್ಚಿದಳು. ಇದ್ದುದರಲ್ಲೇ ದಪ್ಪನೆಯ ಸೂಜಿಯನ್ನು ಎಡಗಡೆ ಕಾಲರ್‌ಬೋನಿನ ಕೆಳಗೆ, ಎರಡನೇ ಪಕ್ಕೆಲುಬಿನ ಸಂದಿಗೆ ಚುಚ್ಚಿದಳು. ಸುಯ್ಯೆಂದು ಗಾಳಿ ಹೊರಬಂತು. ಸೈಕಲ್ ಟ್ಯೂಬಿನಿಂದ ಬರುವ ಅದೇ ಸದ್ದು. ಡಾಕ್ಟರು, "ಏನಾಯ್ತು? ಏನಾಯ್ತು ಸಿಸ್ಟರ್? ಮೆಷಿನ್ ಆಫ್ ಮಾಡ್ಲಾ?" ಎನ್ನುತ್ತ ನಿಂತಲ್ಲೇ ಒದ್ದಾಡುತ್ತಿದ್ದರು. ಗೌಡರು, "ನಾವು ಹೊರಡೋಣ, ಇವರಿಗೆ ಕೆಲಸ ಅದೆ," ಎಂದರು. ನೆಂಟರು ಒಬ್ಬೊಬ್ಬರಾಗಿ ಜಾರಿಕೊಂಡರು. ಹಿರಿಯ ಅಳಿಯ ಹೋಗುವಾಗ ಕಿಟಕಿಕಟ್ಟೆಯಿಂದ ತನ್ನ ಗಟ್ಟಿ ಕಾಫಿ ಎತ್ತಿಕೊಂಡು ಕುಡಿದು ಹೋದ.

ಸರೋಜ ಇನ್ನೆರಡು ದಿನ ಬದುಕಿದ್ದಳು. ಎದೆಗೆ ಕೊಳವೆ ಹಾಕಿ ಇನ್ನೊಂದು ಬಾಟಲಿಯ ನೀರಿಗೆ ಇಳಿಬಿಟ್ಟರು. ಆದರೆ ಆರು ದಿನ ಕಷ್ಟಪಟ್ಟು ಅರಳಿಸಿದ್ದು ಹತ್ತು ನಿಮಿಷದಲ್ಲಿ ಹೋಗಿತ್ತು. ಮಂಗಳವಾರ ಬೆಳಿಗ್ಗೆ ಎರಡು ಬಾಟಲಿಗಳೂ ಸುಮ್ಮನಾದವು.

ಡಾಕ್ಟರು ಕಾಗದದಲ್ಲಿ ಹೃದಯ ನಿಂತು ಸಾವು ಎಂದು ಬರೆದರು. ಯಾರದು ತಾನೇ ನಿಲ್ಲುವುದಿಲ್ಲ! ಮಾಸ್ತಮ್ಮನಿಗೆ ಹೇಳಿದ್ದು ಬೇರೆ: "ನಿಮ್ಮ ಊರವ್ರು ಹೆಗಲ ಮೇಲೆ ಹಾಕಿ ತಿರುಗಿಸಿದ್ರಲ್ಲ, ಹೊಟ್ಟೆ ಒತ್ತಿದ್ರಲ್ಲ, ಅಲ್ಲೇ ತಪ್ಪಾಗಿದ್ದು. ಅಷ್ಟು ಬಲ ಹಾಕ್ಬಾರ್ದಿತ್ತು." ಕನ್ನಮ್ಮ ಪಕ್ಕದಲ್ಲೇ ನಿಂತಿದ್ದಳು. ಬಾಯಿ ತೆರೆಯಲಿಲ್ಲ.

ಆ ದಿನವೇ ಅವಳು ಯಂತ್ರದ ಒತ್ತಡದ ತಿರುಗಣೆಯನ್ನು ಕಿತ್ತು ತನ್ನ ಕೈಚೀಲಕ್ಕೆ ಹಾಕಿಕೊಂಡಳು. ತಿರುಗಣೆ ಇಲ್ಲದೆ ಬರೀ ಕಡ್ಡಿಯನ್ನು ಬೆರಳಿನಲ್ಲಿ ತಿರುಗಿಸಲು ಬರುವುದಿಲ್ಲ. ಕಳೆದುಹೋಗಿದೆ ಎಂದು ಡಾಕ್ಟರಿಗೆ ಹೇಳಿದಳು. ಅವರೂ ಹುಡುಕಲಿಲ್ಲ. ಅವರಿಗೆ ಬೇಕಾಗಿದ್ದು ಆಗಿತ್ತು. ಬುಧವಾರದ ಪತ್ರಿಕೆಯಲ್ಲಿ ಫೋಟೋ ಬಂತು, ಮಲೆನಾಡಿಗೆ ಜೀವದಾನ ಎಂಬ ತಲೆಬರಹದಡಿ. ಅದನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ರೋಗಿಗಳು ಕಾಯುವ ಹಜಾರದಲ್ಲಿ ಗಣಪತಿಯ ಪಕ್ಕ ತೂಗುಹಾಕಿದರು. ಮುಳ್ಳು ಕೆಂಪು ಗೆರೆ ದಾಟಿ ಅರವತ್ತರಲ್ಲಿ ನಿಂತಿದ್ದು, ಎದೆಯ ಎಡಗಡೆ ದಿಬ್ಬ ಎದ್ದಿದ್ದು, ಊದಿದ ಕುತ್ತಿಗೆ, ಎಲ್ಲ ಸ್ಪಷ್ಟವಾಗಿ ಬಿದ್ದಿತ್ತು. ಕೊಲೆಯ ಸಾಕ್ಷಿಯನ್ನು ಗೋಡೆಗೆ ಹೊಡೆದು ಅದಕ್ಕೆ ದಿನಾ ಊದುಬತ್ತಿ ಹಚ್ಚುವ ದಡ್ಡರು ಇನ್ನೆಲ್ಲಿ ಸಿಗುತ್ತಾರೆ? ಕನ್ನಮ್ಮ ಆ ಹಜಾರ ದಾಟುವಾಗೆಲ್ಲ ತುಟಿ ಸೊಟ್ಟಗೆ ಮಾಡುತ್ತಿದ್ದಳು. ಇಷ್ಟು ಜನ ಬಂದು ಹೋಗುತ್ತಾರೆ, ಪಟ್ಟಣದ ಡಾಕ್ಟರುಗಳೂ ಬರುತ್ತಾರೆ, ಒಬ್ಬರಿಗಾದರೂ ಕಣ್ಣಿದೆಯೇ ಎಂದು ಹಲ್ಲು ಕಡಿಯುತ್ತಿದ್ದಳು.

ಮುಂದಿನ ಬೇಸಿಗೆಯಲ್ಲಿ ಮಾಸ್ತಮ್ಮ ಬಂದಳು. ಸಾಗರದ ಸಂತೆಗೆ ಬಂದವಳು, ಕಂಕುಳಲ್ಲಿ ಬುಟ್ಟಿ.

"ಸಿಸ್ಟರಮ್ಮ, ಹುಡುಗಿದು ಒಂದು ಫೋಟೋನೂ ಇಲ್ಲ ಮನೇಲಿ. ಮಾರಿಜಾತ್ರೆಗೆ ತೆಗೆಸಾನ ಅಂತಿದ್ಲು. ಇಲ್ಲಿ ಗ್ವಾಡೆ ಮ್ಯಾಲೆ ಅದೆ ಅಂತ ನಮ್ಮೂರ ಬೆಳ್ಳಪ್ಪ ಹೇಳ್ದ. ಒಂದು ಸಲ ನೋಡ್ಕಂಡು ಹೋಗ್ತೀನಿ."

ಕನ್ನಮ್ಮ ಕಟ್ಟು ಇಳಿಸಿ ಬೆಂಚಿನ ಮೇಲಿಟ್ಟಳು. ಮಾಸ್ತಮ್ಮ ಪಕ್ಕದಲ್ಲಿ ಕೂತು ಸೆರಗಿನಿಂದ ಗಾಜು ಒರೆಸಿದಳು. ಗೌಡರನ್ನು ನೋಡಲಿಲ್ಲ, ಡಾಕ್ಟರನ್ನು ನೋಡಲಿಲ್ಲ. ಮಗಳ ಮುಖದ ಮೇಲೆ ಬೆರಳಿಟ್ಟಳು. ಬೆರಳು ನಿಧಾನವಾಗಿ ಕೆಳಗೆ ಇಳಿಯಿತು.

"ಇದೆಂತ ಸಿಸ್ಟರಮ್ಮ, ಹುಡುಗಿ ಎದೆ ಒಂದು ಬದಿ ಮಾತ್ರ ಎದ್ದದೆ?"

ಐದು ತಿಂಗಳಿನಿಂದ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದ ಪ್ರಶ್ನೆ. ಅಕ್ಷರ ಬಾರದ ಹೆಂಗಸು ಒಂದೇ ನೋಟಕ್ಕೆ ಕೇಳಿದ್ದಳು. ಕನ್ನಮ್ಮ ಎಲ್ಲವನ್ನೂ ಹೇಳಿದಳು. ಮೂವತ್ತು, ಅರವತ್ತು, ಬ್ಲಾಡರು, ಗೌಡರು, ತಿರುಗಣೆ. ಡಾಕ್ಟರನ್ನು ಬಯ್ದಳು, ಗೌಡರನ್ನು ಬಯ್ದಳು, ಮೆಚ್ಚಿಕೊಂಡು ನಿಂತ ಒಬ್ಬೊಬ್ಬರನ್ನೂ ಬಯ್ದಳು. ಐದು ತಿಂಗಳ ಹೊಟ್ಟೆಯುರಿಯೆಲ್ಲ ಹೊರಗೆ ಬಂತು.

ಮಾಸ್ತಮ್ಮ ಅಳಲಿಲ್ಲ. ಎಲ್ಲ ಕೇಳಿಸಿಕೊಂಡಳು. ಅವಳ ಬೆರಳು ಫೋಟೋದ ಅಂಚಿಗೆ ಹೋಗಿ ನಿಂತಿತ್ತು. ಅಲ್ಲಿ, ಬಾಗಿಲ ಹತ್ತಿರ, ಅರ್ಧಕ್ಕೆ ಕತ್ತರಿಸಿಹೋದ ಒಂದು ಬಿಳಿ ಸೀರೆ, ಎರಡು ಕೈ, ಲೋಟ ಜೋಡಿಸಿದ ಒಂದು ತಟ್ಟೆ. ದಿನಕ್ಕೆ ಹತ್ತು ಸಲ ಆ ಫೋಟೋ ನೋಡಿದ್ದ ಕನ್ನಮ್ಮ ಆ ಅಂಚನ್ನು ನೋಡಿರಲಿಲ್ಲ.

"ಇದು ಯಾರ ಕೈ?"

"ನಂದು," ಎಂದಳು ಕನ್ನಮ್ಮ.

"ಎಲ್ಲಿಗೂ ಹೋಗಲ್ಲ ಅಂದಿದ್ರಿ."

ಕನ್ನಮ್ಮ ಅಂದಿನಿಂದಲೂ ಕೈಚೀಲದೊಳಗೇ ಇದ್ದ ತಿರುಗಣೆಯನ್ನು ಬೆರಳಿನಿಂದ ಗಟ್ಟಿಯಾಗಿ ಹಿಡಿದುಕೊಂಡಳು.

ಮಾಸ್ತಮ್ಮ ಫೋಟೋವನ್ನು ಕಣ್ಣಿನ ಹತ್ತಿರಕ್ಕೆ ತಂದು ತಟ್ಟೆಯನ್ನೇ ನೋಡಿದಳು. ಲೋಟಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಕಟ್ಟನ್ನು ಬೆಂಚಿನ ಮೇಲಿಟ್ಟು, ಬುಟ್ಟಿ ಎತ್ತಿಕೊಂಡಳು.

"ಒಂದು ಹನಿನೂ ಚೆಲ್ಲಿಲ್ಲ ನೋಡಿ, ಸಿಸ್ಟರಮ್ಮ," ಎಂದಳು.